ಹಿಡಿತದ ಲೆಕ್ಕ: ನೇತ್ರಾವತಿಯ ಕಲ್ಲುದಾರಿಯಲ್ಲಿ ಜೀಪು

ಬೆಳ್ತಂಗಡಿ ತಾಲ್ಲೂಕಿನ ಮಲವಂತಿಗೆ ಗ್ರಾಮಕ್ಕೆ ಸೇರಿದ ಎಳನೀರು ಎಂಬ ಊರು ಘಟ್ಟದ ಮೇಲಿದೆ. ತಾಲ್ಲೂಕಿನ ಉಳಿದ ಭಾಗವೆಲ್ಲ ಘಟ್ಟದ ಬುಡದಲ್ಲಿದೆ. ಎಳನೀರಿನವರಿಗೆ ಹತ್ತಿರದ ಪೇಟೆ ಕಳಸದ ಕಡೆಯ ಸಂಸೆ; ಬೆಳ್ತಂಗಡಿಯ ಕಚೇರಿಯಲ್ಲೊಂದು ಕಾಗದಕ್ಕೆ ಸಹಿ ಬೇಕಾದರೆ ಡಾಮರು ರಸ್ತೆ ಹಿಡಿದು ನೂರು ಕಿಲೋಮೀಟರಿನ ಆಸುಪಾಸು ಸುತ್ತಬೇಕು. ನೇರವಾಗಿ ದಿಡುಪೆಗೆ ಇಳಿಯುವ ದಾರಿ ಅದರ ಒಂದು ಸಣ್ಣ ಪಾಲಿನಷ್ಟೂ ಉದ್ದವಿಲ್ಲ. ಆದರೆ ಆ ದಾರಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡಿನೊಳಗೆ, ನೇತ್ರಾವತಿಯ ತಲೆಹೊಳೆಗಳು ಕೊರೆದ ಕಮರಿಗಳ ಮಗ್ಗುಲಲ್ಲಿ ಹೋಗುತ್ತದೆ; ದಶಕಗಳಿಂದ ಜೀಪಿನ ದಾರಿಯೆಂದೇ ಅದಕ್ಕೆ ಹೆಸರು. ನೇತ್ರಾವತಿ ಹುಟ್ಟುವ ಬಂಗ್ರಬಲಿಗೆ ಕಣಿವೆ ಇರುವುದೂ ಈ ಎಳನೀರು ಘಾಟಿಯಲ್ಲೇ. ಇಂಥ ದಾರಿಯಲ್ಲಿ ಅಕ್ಕಿಮೂಟೆ, ಗ್ಯಾಸ್ ಸಿಲಿಂಡರು, ಜ್ವರ ಬಂದ ಮಗು, ಎಲ್ಲವನ್ನೂ ಸಾಗಿಸುವ ಚಾಲಕ ದಿನವೂ ಬಿಡಿಸುವುದು ಭೌತವಿಜ್ಞಾನದ ಒಂದು ಲೆಕ್ಕವನ್ನು: ಟಯರು ಮತ್ತು ನೆಲದ ನಡುವೆ ಸಿಗುವ ಹಿಡಿತ ಎಷ್ಟು, ಅದನ್ನು ಎಲ್ಲಿ ಖರ್ಚು ಮಾಡಬೇಕು?

ಎಂಜಿನ್ನು ಸಣ್ಣದಾದರೂ ಎಳೆಯುವ ಬಲದ ಕೊರತೆ ಎಂಬುದು ಜೀಪಿಗೆ ಮೊದಲಿನಿಂದಲೂ ಇರಲಿಲ್ಲ. 1941ರಲ್ಲಿ ಅಮೆರಿಕದ ಸೇನೆಗಾಗಿ ತಯಾರಾದ ವಿಲ್ಲಿಸ್ ಎಂಬಿ ಜೀಪಿನ ಎಂಜಿನ್ನು ಕೇವಲ 60 ಅಶ್ವಶಕ್ತಿಯದು. ಇಂದಿನ ಸಣ್ಣ ಕಾರುಗಳಿಗೂ ಅದಕ್ಕಿಂತ ಹೆಚ್ಚಿರುತ್ತದೆ. ಅದರ ತಿರುಚುಬಲ ಸುಮಾರು 142 ನ್ಯೂಟನ್-ಮೀಟರ್. ಗುಟ್ಟಿರುವುದು ಗೇರುಗಳಲ್ಲಿ. ಮೊದಲ ಗೇರು ಈ ಬಲವನ್ನು 2.66 ಪಟ್ಟು ಹಿಗ್ಗಿಸುತ್ತದೆ, ಅದರ ಜೊತೆಗೆ ಬೇರೆಯಾಗಿ ಹಾಕುವ ಲೋ ಗೇರು ಮತ್ತೆ 1.97 ಪಟ್ಟು, ಚಕ್ರಗಳ ನಡುವಿನ ಹೌಸಿಂಗಿನಲ್ಲಿರುವ ಹಲ್ಲುಗಾಲಿಗಳು ಇನ್ನೊಮ್ಮೆ 4.88 ಪಟ್ಟು. ಮೂರನ್ನೂ ಗುಣಿಸಿದರೆ ಇಪ್ಪತ್ತೈದೂವರೆ ಪಟ್ಟು ದಾಟುತ್ತದೆ. ಚಕ್ರದ ತ್ರಿಜ್ಯ 36 ಸೆಂಟಿಮೀಟರ್ ಎಂದಿಟ್ಟುಕೊಂಡರೆ ನೆಲವನ್ನು ಹಿಂದಕ್ಕೆ ತಳ್ಳುವ ಬಲ ಒಂದು ಟನ್ನಿನ ತೂಕಕ್ಕೆ ಸಮ. ಖಾಲಿ ಜೀಪಿನ ತೂಕವೂ ಹೆಚ್ಚುಕಡಿಮೆ ಅಷ್ಟೇ, 1,040 ಕಿಲೋ. ಗೇರುಗಳ ಉಜ್ಜಾಟದಲ್ಲಿ ಒಂದಷ್ಟು ನಷ್ಟವಾದರೂ ಬಹುತೇಕ ಗೋಡೆಯಂಥ ಏರನ್ನು ಹತ್ತಲು ಸಾಕಾಗುವ ಬಲವಿದು. ಹಾಗೆ ಹತ್ತಲಾಗದೆ ಹೋಗುವುದು ಟಯರು ಜಾರುವುದರಿಂದ.

ಬಲ ಹಿಗ್ಗಿದಷ್ಟೇ ವೇಗ ಕುಗ್ಗುತ್ತದೆ. ಎಂಜಿನ್ನು ನಿಮಿಷಕ್ಕೆ 1,000 ಸುತ್ತು ತಿರುಗುವಾಗ ಚಕ್ರ ತಿರುಗುವುದು 39 ಸುತ್ತು ಮಾತ್ರ. ಅಂದರೆ ಗಂಟೆಗೆ ಐದು ಕಿಲೋಮೀಟರಿನ ಚೂರು ಮೇಲೆ, ಮನುಷ್ಯ ಬಿರುಸಾಗಿ ನಡೆಯುವ ವೇಗ. ಕಲ್ಲುದಾರಿಯಲ್ಲಿ ಬೇಕಾದ ವೇಗವೂ ಅದೇ. ಮಹೀಂದ್ರ ಕಂಪನಿ 1947ರಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ತೊಡಗಿತು. ಮುಂದೆ ಬಂದ ಡೀಸೆಲ್ ಎಂಜಿನ್ನಿನ ಉದ್ದ ಜೀಪುಗಳು, ಮುಖ್ಯವಾಗಿ ಕಮಾಂಡರ್, ಕರಾವಳಿ ಮತ್ತು ಮಲೆನಾಡಿನ ಒಳದಾರಿಗಳಲ್ಲಿ ಸರ್ವಿಸ್ ಜೀಪುಗಳಾದವು. ಇಂಥ ಜೀಪುಗಳೆಲ್ಲದಕ್ಕೂ ನಾಲ್ಕು ಚಕ್ರದ ಎಳೆತ ಇರಲಿಲ್ಲ ಎಂಬುದನ್ನು ನೆನಪಿಡಬೇಕು. ಹಿಂದಿನ ಎರಡೇ ಚಕ್ರಗಳ ಎಳೆತದಲ್ಲಿ ಘಾಟಿ ಹತ್ತಿಸಿದವರ ಕೌಶಲಕ್ಕೆ ಮಾರುಕಟ್ಟೆಯಲ್ಲಿ ಬಿಡಿಭಾಗ ಸಿಗುವುದಿಲ್ಲ.

ಹಿಡಿತದ ಲೆಕ್ಕ ಸರಳ. ಚಕ್ರದ ಮೇಲೆ ಬಿದ್ದ ಭಾರವನ್ನು ಘರ್ಷಣಾ ಗುಣಾಂಕದಿಂದ ಗುಣಿಸಿದರೆ ಆ ಚಕ್ರ ಜಾರದೆ ಕೊಡಬಲ್ಲ ಗರಿಷ್ಠ ಬಲ ಸಿಗುತ್ತದೆ. ಒಣಬಂಡೆಯ ಮೇಲೆ ಗುಣಾಂಕ 0.7 ಇದ್ದರೆ ನಾಲ್ಕೂ ಚಕ್ರ ಎಳೆಯುವ ಜೀಪು 35 ಡಿಗ್ರಿ ಏರನ್ನು ಹತ್ತಬಹುದು. ಪಾಚಿ ಕಟ್ಟಿದ ಒದ್ದೆಕಲ್ಲಿನಲ್ಲಿ ಅದು 0.3ಕ್ಕೆ ಇಳಿದರೆ ಮಿತಿ 17 ಡಿಗ್ರಿ. ಎರಡೇ ಚಕ್ರ ಎಳೆಯುವ ಗಾಡಿಯಲ್ಲಿ ಅರ್ಧ ಭಾರ ಸುಮ್ಮನೆ ಮುಂದಿನ ಚಕ್ರಗಳ ಮೇಲೆ ಕೂತಿರುವುದರಿಂದ ಈ ಮಿತಿ ಮತ್ತೂ ಅರ್ಧದತ್ತ ಇಳಿಯುತ್ತದೆ. ಹಿಂದಿನ ಸೀಟಿನಲ್ಲಿ ಜನ ತುಂಬಿದ್ದಾಗ ಎರಡು ಚಕ್ರದ ಜೀಪು ಖಾಲಿ ಇದ್ದಾಗಿನದಕ್ಕಿಂತ ಚೆನ್ನಾಗಿ ಏರು ಹತ್ತುವುದು ಇದೇ ಕಾರಣಕ್ಕೆ. ಎಳೆಯುವ ಚಕ್ರದ ಮೇಲಿನ ಪ್ರಯಾಣಿಕ ಒಂದು ಅರ್ಥದಲ್ಲಿ ಯಂತ್ರದ ಭಾಗ.

ಚಕ್ರ ಒಮ್ಮೆ ಜಾರತೊಡಗಿತೋ, ಇದ್ದ ಹಿಡಿತವೂ ಕುಗ್ಗುತ್ತದೆ. ನಿಂತ ಮೇಲ್ಮೈಗಳ ನಡುವಿನ ಘರ್ಷಣೆ ಜಾರುವ ಮೇಲ್ಮೈಗಳ ಘರ್ಷಣೆಗಿಂತ ಹೆಚ್ಚು. ಗಿರಗಿರ ತಿರುಗುವ ಟಯರು ಪಾಚಿಯನ್ನು ಅರೆದು ಇನ್ನಷ್ಟು ನುಣುಪು ಮಾಡುತ್ತದೆ, ಮಣ್ಣಿನಲ್ಲಾದರೆ ತನ್ನ ಹೊಂಡವನ್ನು ತಾನೇ ತೋಡಿಕೊಳ್ಳುತ್ತದೆ. ಹೊಸಬರು ಆಗ ಆಕ್ಸಿಲರೇಟರ್ ಒತ್ತುತ್ತಾರೆ, ಬಲ್ಲವರು ಕಾಲು ತೆಗೆಯುತ್ತಾರೆ.

ನೆಲ ಎಲ್ಲ ಕಡೆ ಒಂದೇ ಅಲ್ಲ. ಬಂಟ್ವಾಳದ ಕಡೆ ನೇತ್ರಾವತಿಯ ಪಾತ್ರವೆಂದರೆ ಮರಳು. ಮರಳಿನಲ್ಲಿ ಟಯರು ಹೂತುಕೊಂಡು ತನ್ನ ಮುಂದೆ ತಾನೇ ಒಂದು ದಿಬ್ಬ ಕಟ್ಟಿಕೊಳ್ಳುತ್ತದೆ. ಅಲ್ಲಿ ನಿಧಾನಕ್ಕಿಂತ ಒಂದೇ ಸಮನೆ ಬಿಡದೆ ಸಾಗುವ ಓಟ ಮುಖ್ಯ. ಮೂಡಬಿದಿರೆಯ ಗುಡ್ಡೆಗಳದು ಬೇರೆ ಕಥೆ. ಅಲ್ಲಿರುವುದು ಮುರಕಲ್ಲು. ಫ್ರಾನ್ಸಿಸ್ ಬುಕಾನನ್ ಕೇರಳದ ಅಂಗಾಡಿಪುರಂನಲ್ಲಿ ಕಂಡ ಇದೇ ಕಲ್ಲಿಗೆ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ. ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರು. ಕರಾವಳಿಯ ಮನೆಗೋಡೆಗಳನ್ನು ನೋಡಿದವರಿಗೆ ಆ ಹೆಸರಿನ ಔಚಿತ್ಯ ವಿವರಿಸಬೇಕಿಲ್ಲ. ತೂತುತೂತಾದ ಈ ಕಲ್ಲಿನ ಒಣಮೈ ಟಯರಿಗೆ ಒಳ್ಳೆಯ ಹಿಡಿತ ಕೊಡುತ್ತದೆ. ಆದರೆ ಅದು ಸವೆದು ಉದುರಿದ ಉರುಟು ಹರಳುಗಳು ಗಟ್ಟಿನೆಲದ ಮೇಲೆ ಹರಡಿದ್ದರೆ ಬೇರಿಂಗಿನ ಗುಂಡುಗಳಂತೆ ಉರುಳಿ ಇಳಿಜಾರಿನಲ್ಲಿ ಗಾಡಿಯನ್ನು ಜಾರಿಸುತ್ತವೆ.

ಮುರಕಲ್ಲಿನ ಅಡಿಯಲ್ಲಿ ಶೇಡಿಮಣ್ಣು ಇರುತ್ತದೆ. ಬಿಳಿ, ಹಳದಿ, ನಸುಗೆಂಪು ಬಣ್ಣದ ಈ ಮಣ್ಣು ಒಣಗಿದ್ದಾಗ ಗುದ್ದಲಿಗೂ ಸುಲಭಕ್ಕೆ ಬಗ್ಗದು. ನೀರು ಕುಡಿದರೆ ಬೆಣ್ಣೆಯಾಗುತ್ತದೆ. ಗುಡ್ಡ ಕಡಿದು ರಸ್ತೆ ಮಾಡಿದ ಕಡೆಯೆಲ್ಲ ಮಳೆಗಾಲದಲ್ಲಿ ಬರೆ ಜರಿಯಲು ಮುಖ್ಯ ಕಾರಣ ಇದು, ಸುರತ್ಕಲ್ಲಿನ ಎನ್‌ಐಟಿಕೆಯ ಎಂಜಿನಿಯರುಗಳು ಇದರ ಗುಣವನ್ನು ವರ್ಷಗಟ್ಟಲೆ ಅಧ್ಯಯನ ಮಾಡುತ್ತ ಬಂದಿರುವುದೂ ಇದಕ್ಕೇ. ಚಾಲಕನ ಮಟ್ಟಿಗೆ ಶೇಡಿಯ ಮೇಲಿನ ಟಯರು ಸೋಪಿನ ಮೇಲಿಟ್ಟ ಪಾದ. ಟಯರಿನ ಗೆರೆಗಳಲ್ಲಿ ಮಣ್ಣು ತುಂಬಿಕೊಂಡರೆ ಹೊಸ ಟಯರಿಗೂ ಬೋಳು ಟಯರಿಗೂ ವ್ಯತ್ಯಾಸವಿಲ್ಲ. ಘಟ್ಟದ ಜೀಪುಗಳು ಮಳೆಗಾಲದಲ್ಲಿ ಹಿಂದಿನ ಚಕ್ರಗಳಿಗೆ ಕಬ್ಬಿಣದ ಚೈನು ಸುತ್ತಿಕೊಳ್ಳುವುದು ಇಲ್ಲಿ ಕೆಲಸಕ್ಕೆ ಬರುತ್ತದೆ. ಚೈನಿನ ಕೊಂಡಿಗಳು ಸಣ್ಣ ಜಾಗದ ಮೇಲೆ ಇಡೀ ಭಾರ ಹಾಕಿ ಮೇಲಿನ ಕೆಸರನ್ನು ಸೀಳುತ್ತವೆ, ಕೆಳಗಿನ ಗಟ್ಟಿ ಪದರಕ್ಕೆ ಹಲ್ಲು ಕಚ್ಚುತ್ತವೆ. ಅದೇ ಚೈನು ಬೋಳುಬಂಡೆಯ ಮೇಲೆ ತಿರುಗುಮುರುಗು: ಕಬ್ಬಿಣಕ್ಕೂ ಕಲ್ಲಿಗೂ ಹಿಡಿತ ಕಡಿಮೆ, ಕಿಡಿ ಹಾರುತ್ತದೆ, ರಬ್ಬರಿಗೆ ಇದ್ದ ಹಿಡಿತವೂ ತಪ್ಪುತ್ತದೆ.

ಬೆಳ್ತಂಗಡಿಯಿಂದ ಮೇಲೆ ಹೊಳೆಗಳಲ್ಲಿ ನೈಸ್ ಜಾತಿಯ ಗಟ್ಟಿ ಬಂಡೆಗಳು. ದಿಡುಪೆಯ ಸುತ್ತ ಆನೆಗಾತ್ರದವು, ಧರ್ಮಸ್ಥಳದ ಸ್ನಾನಘಟ್ಟಕ್ಕೆ ಬರುವಷ್ಟರಲ್ಲಿ ಕೈಯಲ್ಲಿ ಹಿಡಿಯಬಹುದಾದ ಉರುಟುಕಲ್ಲುಗಳು, ಬಂಟ್ವಾಳದಲ್ಲಿ ಮರಳು. ಈ ವಿಂಗಡಣೆ ನೀರಿನ ವೇಗದ್ದು. ಹರಿವು ಕಲ್ಲನ್ನು ತಳ್ಳುವ ಬಲ ವೇಗದ ವರ್ಗಕ್ಕೂ ಕಲ್ಲಿನ ಎದುರುಮೈಯ ವಿಸ್ತಾರಕ್ಕೂ ತಕ್ಕಂತೆ ಏರುತ್ತದೆ. ಕಲ್ಲಿನ ತೂಕ ಅದರ ಅಗಲದ ಘನಕ್ಕೆ ತಕ್ಕಂತೆ. ಎರಡನ್ನೂ ತೂಗಿಸಿದರೆ ನೀರು ಉರುಳಿಸಬಲ್ಲ ಕಲ್ಲಿನ ತೂಕ ವೇಗದ ಆರನೆಯ ಘಾತಕ್ಕೆ ಹೊಂದಿಕೊಳ್ಳುತ್ತದೆ. ವೇಗ ಇಮ್ಮಡಿಯಾದರೆ 64 ಪಟ್ಟು ತೂಕದ ಕಲ್ಲು ಹೊರಡುತ್ತದೆ! 2019ರ ಆಗಸ್ಟಿನಲ್ಲಿ ದಿಡುಪೆ, ಚಾರ್ಮಾಡಿ ಭಾಗದಲ್ಲಿ ಗುಡ್ಡಗಳು ಜರಿದು ಹೊಳೆಗಳು ಮರದ ದಿಮ್ಮಿ, ಬಂಡೆಗಳೊಂದಿಗೆ ತೋಟಗಳಿಗೆ ನುಗ್ಗಿದ್ದನ್ನು ಕಂಡವರಿಗೆ ಈ ಸೂತ್ರ ಅತಿಶಯವೆನಿಸದು. ಆದ್ದರಿಂದ ಹೊಳೆ ದಾಟುವ ಜಾಗಕ್ಕೆ ಹಳೆಯ ನೆನಪು ಸಾಕಾಗುವುದಿಲ್ಲ. ಹೋದ ಬೇಸಗೆಯ ದಾರಿ ಈ ಬೇಸಗೆಗೆ ಗುಂಡಿಯಾಗಿರಬಹುದು.

ಕಲ್ಲುಗಳ ಮೇಲೆ ಜೀಪು ಓಡಿಸುವಾಗ ಮೊದಲ ಕೆಲಸ ಗಾಳಿ ಇಳಿಸುವುದು. 1,600 ಕಿಲೋ ತೂಗುವ ಜೀಪಿನ ಒಂದೊಂದು ಚಕ್ರದ ಮೇಲೂ 400 ಕಿಲೋ ಬೀಳುತ್ತದೆ ಎನ್ನೋಣ. ಟಯರಿನ ಒತ್ತಡ 30 ಪೌಂಡ್ ಇದ್ದಾಗ ನೆಲಕ್ಕೆ ತಾಗುವ ಜಾಗ ಸುಮಾರು 190 ಚದರ ಸೆಂಟಿಮೀಟರ್; 18 ಪೌಂಡಿಗೆ ಇಳಿಸಿದರೆ 315ರ ಹತ್ತಿರ. ಟಯರಿನ ಗೋಡೆಯ ಬಿಗುವಿನಿಂದ ಈ ಅಂಕಿ ಒಂದಿಷ್ಟು ಬದಲಾಗುತ್ತದೆ. ಜಾಗ ಹೆಚ್ಚಿತು ಎಂಬುದಕ್ಕಿಂತ ಮುಖ್ಯವಾದುದು ಮೆತ್ತಗಾದ ಟಯರು ಕಲ್ಲಿನ ಮೂಲೆಯನ್ನು ತನ್ನೊಳಗೆ ಸುತ್ತಿಕೊಳ್ಳುತ್ತದೆ ಎಂಬುದು. ಗಟ್ಟಿ ಟಯರು ಉರುಟುಕಲ್ಲನ್ನು ಒದ್ದು ಪುಟಿಯುತ್ತದೆ, ಮೆತ್ತನೆಯದು ಅದನ್ನು ಹಿಡಿದು ದಾಟುತ್ತದೆ. ಇದಕ್ಕೆ ಬೆಲೆಯೂ ಇದೆ. ಉಬ್ಬಿದ ಗೋಡೆ ಚೂಪುಕಲ್ಲಿಗೆ ಸುಲಭದಲ್ಲಿ ಹರಿಯುತ್ತದೆ, ಅಡ್ಡ ತಳ್ಳಾಟಕ್ಕೆ ಟಯರು ರಿಮ್ಮಿನಿಂದ ಕಳಚಲೂಬಹುದು. ಡಾಮರಿಗೆ ಮರಳಿದ ಕೂಡಲೇ ಗಾಳಿ ತುಂಬಿಸದಿದ್ದರೆ ಟಯರು ಕಾದು ಸಿಡಿಯುತ್ತದೆ. ಪಂಪು ಇಲ್ಲದವರು ಗಾಳಿ ಇಳಿಸದಿರುವುದೇ ಮೇಲು.

ಎರಡನೆಯ ಕೆಲಸ ದಾರಿ ಆರಿಸುವುದು. ಜೀಪಿನ ಹೊಟ್ಟೆಯಡಿ ಎಲ್ಲಕ್ಕಿಂತ ಕೆಳಗೆ ತೂಗುವುದು ಹೌಸಿಂಗು. ಎದುರಿನ ಕಲ್ಲು ಎರಡು ಚಕ್ರಗಳ ನಡುವೆ ಹಾದುಹೋಗಲಿ ಎಂದು ಬಿಡುವುದು ಸಹಜ, ಆದರೆ ತಪ್ಪು. ಕಲ್ಲನ್ನು ಚಕ್ರಕ್ಕೇ ಹತ್ತಿಸಿದರೆ ಆ ಬದಿಯ ಹೌಸಿಂಗು, ಸ್ಪ್ರಿಂಗು ಎಲ್ಲವೂ ಮೇಲೇಳುತ್ತವೆ. ವಿಲ್ಲಿಸ್ ಜೀಪು ಮುಂದುಗಡೆ 45 ಡಿಗ್ರಿ, ಹಿಂದುಗಡೆ 35 ಡಿಗ್ರಿ ಕೋನದ ಎದುರೇರನ್ನು ಬಂಪರ್ ತಾಗದೆ ಹತ್ತಿಳಿಯುತ್ತಿತ್ತು. ಉದ್ದ ಜೀಪುಗಳಲ್ಲಿ ಹಿಂದಿನ ಕೋನ ಕುಗ್ಗುತ್ತದೆ, ನಡುಹೊಟ್ಟೆ ದಿಬ್ಬಕ್ಕೆ ಕೂರುವ ಅಪಾಯ ಹೆಚ್ಚುತ್ತದೆ. ಚಾಲಕನಿಗೆ ತನ್ನ ಎಡ ಮುಂಚಕ್ರ ಕಾಣುವುದೇ ಇಲ್ಲ. ಕೆಳಗಿಳಿದು ಎದುರು ನಿಂತು ‘ಬರಲಿ, ಬರಲಿ’ ಎಂದು ಕೈಯಾಡಿಸುವ ಜೊತೆಗಾರ ಆಗ ಚಾಲಕನ ಇನ್ನೊಂದು ಜೊತೆ ಕಣ್ಣು. ಹೇಳುವವನು ಒಬ್ಬನೇ ಇರಬೇಕು. ನಾಲ್ಕು ಜನ ನಾಲ್ಕು ದಿಕ್ಕು ತೋರಿಸಿದರೆ ಜೀಪು ಐದನೆಯ ದಿಕ್ಕಿಗೆ ಹೋಗುತ್ತದೆ.

ಸ್ಟಿಯರಿಂಗ್ ಹಿಡಿಯುವ ಬಗೆಯಲ್ಲೂ ಯಂತ್ರಶಾಸ್ತ್ರವಿದೆ. ಮುಂಚಕ್ರದ ಅಂಚಿಗೆ ಕಲ್ಲು ಬಡಿದರೆ ಆ ಏಟು ಕಡ್ಡಿಗಳ ಮೂಲಕ ಸ್ಟಿಯರಿಂಗಿಗೆ ಬಂದು ಅದು ಫಕ್ಕನೆ ತಿರುಗುತ್ತದೆ. ಪವರ್ ಸ್ಟಿಯರಿಂಗ್ ಇಲ್ಲದ ಹಳೆಯ ಜೀಪುಗಳಲ್ಲಿ ಇದು ಜೋರು. ಹೆಬ್ಬೆರಳು ಬಳೆಯ ಒಳಗೆ ಸುತ್ತಿಕೊಂಡಿದ್ದರೆ ಅಡ್ಡಕಡ್ಡಿ ಬಂದು ಮೂಳೆ ಮುರಿಯಬಹುದು. ಪಳಗಿದವರ ಹೆಬ್ಬೆರಳು ಬಳೆಯ ಮೇಲೆಯೇ ಇರುತ್ತದೆ.

ಹೊಸಬರಿಗೆ ಅತ್ಯಂತ ಗೊಂದಲ ತರುವುದು ನಾಲ್ಕು ಚಕ್ರದ ಜೀಪೂ ಎರಡೇ ಚಕ್ರ ಸುತ್ತುತ್ತ ನಿಂತುಬಿಡುವ ಪ್ರಸಂಗ. ಕಾರಣ ಹೌಸಿಂಗಿನೊಳಗಿನ ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಚಕ್ರ ಒಳಚಕ್ರಕ್ಕಿಂತ ಹೆಚ್ಚು ದೂರ ಉರುಳಬೇಕಾದ್ದರಿಂದ ಎರಡಕ್ಕೂ ಬೇರೆಬೇರೆ ವೇಗ ಬೇಕು, ಅದನ್ನು ಸಾಧ್ಯಮಾಡುವುದು ಈ ಹಲ್ಲುಗಾಲಿಗಳ ಗುಂಪು. ಇದರ ಸ್ವಭಾವವೆಂದರೆ ಎರಡು ಚಕ್ರಗಳಿಗೂ ಯಾವಾಗಲೂ ಸಮನಾದ ತಿರುಚುಬಲ ಹಂಚುವುದು. ಒಂದು ಚಕ್ರ ಗಾಳಿಯಲ್ಲಿ ತೇಲಿದರೆ ಅದನ್ನು ತಿರುಗಿಸಲು ಬೇಕಾದ ಬಲ ಬಹುತೇಕ ಸೊನ್ನೆ. ಸಮಪಾಲು ನ್ಯಾಯದಲ್ಲಿ ನೆಲದ ಮೇಲಿರುವ ಚಕ್ರಕ್ಕೂ ಸೊನ್ನೆ. ಹೊಳೆಯ ಬಂಡೆಗಳ ನಡುವೆ ಎಡ ಮುಂಚಕ್ರ ಮತ್ತು ಬಲ ಹಿಂಚಕ್ರ ಒಟ್ಟಿಗೆ ಮೇಲೆದ್ದರೆ ಆಟ ಮುಗಿಯಿತು. ಎರಡೂ ಚಕ್ರಗಳನ್ನು ಒಂದಾಗಿ ಬಿಗಿಯುವ ಲಾಕರ್ ಇದ್ದರೆ ಈ ತೊಂದರೆ ಇಲ್ಲ. ಇಲ್ಲದವರು ಮಾಡಿನೋಡುವ, ಆದರೆ ಸದಾ ಫಲಿಸದ ಉಪಾಯವೊಂದಿದೆ: ಆಕ್ಸಿಲರೇಟರ್ ಹಗುರವಾಗಿ ಒತ್ತಿಟ್ಟುಕೊಂಡೇ ಕಾಲ್ಬ್ರೇಕನ್ನು ಚೂರು ತಾಗಿಸುವುದು. ಗಾಳಿಯಲ್ಲಿ ಸುತ್ತುವ ಚಕ್ರಕ್ಕೆ ಬ್ರೇಕಿನ ತಡೆ ಸಿಕ್ಕಾಗ ಅಷ್ಟೇ ಬಲ ಎದುರು ಚಕ್ರಕ್ಕೂ ಹೋಗುತ್ತದೆ. ವಿಲ್ಲಿಸ್ ವಂಶದ ಹಳೆಯ ಜೀಪುಗಳ ಕೈಬ್ರೇಕಿನಿಂದ ಮಾತ್ರ ಇದು ಆಗದು, ಅದು ಹಿಡಿಯುವುದು ಚಕ್ರಗಳನ್ನಲ್ಲ, ಡಿಫರೆನ್ಷಿಯಲ್‌ಗೂ ಮುಂಚಿನ ಶಾಫ್ಟನ್ನು. ಇಷ್ಟಕ್ಕೂ ಹೊರಬರದಿದ್ದರೆ ಜಾಕಿ ಹಾಕಿ ತೇಲಿದ ಚಕ್ರದಡಿ ಕಲ್ಲು ಪೇರಿಸಬೇಕು. ಅರ್ಧಗಂಟೆಯ ಈ ಕೆಲಸಕ್ಕೆ ಬೇಸರಿಸಿ ಕ್ಲಚ್ಚು ಸುಟ್ಟುಕೊಂಡವರು ಬಹಳ.

ಪಕ್ಕಕ್ಕೆ ವಾಲುವುದು ಇನ್ನೊಂದು ಲೆಕ್ಕ. ಎಡ–ಬಲ ಚಕ್ರಗಳ ನಡುವಿನ ಅಂತರದ ಅರ್ಧ, ಮತ್ತು ಗಾಡಿಯ ಗುರುತ್ವಕೇಂದ್ರದ ಎತ್ತರ, ಈ ಎರಡರ ಅನುಪಾತ ಮಗುಚುವ ಕೋನವನ್ನು ತೀರ್ಮಾನಿಸುತ್ತದೆ. ಹಳೆಯ ಜೀಪಿನಲ್ಲಿ ಚಕ್ರಗಳ ಅಂತರ 1.25 ಮೀಟರ್, ಗುರುತ್ವಕೇಂದ್ರ 70 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಸುಮಾರು 42 ಡಿಗ್ರಿಯವರೆಗೆ ನಿಲ್ಲುತ್ತದೆ. ಟಾಪಿನ ಮೇಲೆ ಸಾಮಾನು ಪೇರಿಸಿ ಆ ಎತ್ತರ 90 ಸೆಂಟಿಮೀಟರಿಗೆ ಏರಿದರೆ 35 ಡಿಗ್ರಿಯೂ ಉಳಿಯುವುದಿಲ್ಲ. ಇದು ನಿಂತ ಗಾಡಿಯ ಲೆಕ್ಕ. ಮೇಲಿನ ಚಕ್ರ ಒಂದು ಕಲ್ಲು ಹತ್ತಿ ಕೆಳಗಿನದು ಹೊಂಡಕ್ಕೆ ಇಳಿದರೆ ಕೋನ ಕ್ಷಣದಲ್ಲಿ ಹತ್ತು ಡಿಗ್ರಿ ಏರುತ್ತದೆ. ಆದ್ದರಿಂದ ಏರನ್ನು ನೇರ ಹತ್ತಬೇಕು, ಇಳಿಜಾರನ್ನು ನೇರ ಇಳಿಯಬೇಕು. ಏರಿನ ನಡುವೆ ಎಂಜಿನ್ನು ನಿಂತರೆ ಜೀಪನ್ನು ತಿರುಗಿಸಲು ಹೋಗಬಾರದು. ಬ್ರೇಕು ಒತ್ತಿಹಿಡಿದು, ಚಕ್ರಕ್ಕೆ ಕಲ್ಲು ಕೊಟ್ಟು, ರಿವರ್ಸ್ ಗೇರಿಗೆ ಹಾಕಿ ಬಂದ ಗೆರೆಯಲ್ಲೇ ಹಿಂದಿಳಿಯಬೇಕು. ಗೇರು ಬಿದ್ದಿರುವಾಗಲೇ ಕ್ಲಚ್ಚು ಒತ್ತದೆ ಸ್ಟಾರ್ಟರ್ ತಿರುಗಿಸಿದರೆ ಹಳೆಯ ಜೀಪು ಮೋಟಾರಿನ ಬಲದಿಂದಲೇ ಇಂಚಿಂಚು ಚಲಿಸಿ ಎಂಜಿನ್ನು ಹೊತ್ತಿಕೊಳ್ಳುತ್ತದೆ. ನ್ಯೂಟ್ರಲ್ ಆಗುವ ಆ ಒಂದು ಅಪಾಯದ ಗಳಿಗೆ ತಪ್ಪುತ್ತದೆ.

ಹೊಳೆ ದಾಟುವುದು ಕಲ್ಲು ಹತ್ತುವುದಕ್ಕಿಂತ ದೊಡ್ಡ ಪರೀಕ್ಷೆ. ನೀರು ಸದ್ದಿಲ್ಲದೆ ನಿಂತಂತೆ ಕಾಣುವ ಇಕ್ಕಟ್ಟು ಜಾಗ ಆಳವಾಗಿರುತ್ತದೆ. ಅಗಲವಾಗಿ ಹರಡಿ ಕಲ್ಲುಗಳ ಮೇಲೆ ಗಲಗಲ ಎನ್ನುವ ಜಾಗ ಆಳವಿಲ್ಲದ್ದು. ಒಂದೇ ಪ್ರಮಾಣದ ನೀರು ಎರಡರಲ್ಲೂ ಹಾದುಹೋಗಬೇಕಾದ್ದರಿಂದ ಹೀಗೆ. ಮೊದಲು ಒಬ್ಬ ಕೋಲು ಹಿಡಿದು ನಡೆದು ದಾಟಿ ನೋಡಬೇಕು. ಕಾಲೂರಿ ನಿಲ್ಲಲಾಗದ ಹರಿವಿಗೆ ಜೀಪನ್ನು ಇಳಿಸುವಂತಿಲ್ಲ.

ತಳ್ಳುವ ಬಲ ಇಲ್ಲೂ ವೇಗದ ವರ್ಗವನ್ನೇ ಹಿಂಬಾಲಿಸುತ್ತದೆ. ಮೂರೂವರೆ ಮೀಟರ್ ಉದ್ದದ ಜೀಪಿನ ಮಗ್ಗುಲಿಗೆ 60 ಸೆಂಟಿಮೀಟರ್ ಎತ್ತರದ ನೀರು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಬಡಿದರೆ ತಳ್ಳುವ ಬಲ ಸುಮಾರು 130 ಕಿಲೋ. ಎರಡು ಮೀಟರ್ ವೇಗಕ್ಕೆ 500 ಕಿಲೋ ದಾಟುತ್ತದೆ. ಜೊತೆಗೆ ತೇಲುವ ಬಲ. ಜೀಪಿನ ತಳದಿಂದ ಮೇಲೆ ನೀರು ಏರಿದ ಪ್ರತಿ ಹತ್ತು ಸೆಂಟಿಮೀಟರಿಗೂ ಟಯರುಗಳ ಮೇಲಿನ ಭಾರ ಐನೂರು ಕಿಲೋದಷ್ಟು ಇಳಿಯುತ್ತದೆ, ನೀರು ಒಳಗೆ ನುಗ್ಗದಿದ್ದರೆ. ಭಾರ ಇಳಿದರೆ ಹಿಡಿತವೂ ಇಳಿಯಿತು. ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚಿಕೊಳ್ಳುವ ಹೊಸ ಕಾರು ಮೊಣಕಾಲು ದಾಟಿದ ನೀರಲ್ಲಿ ದೋಣಿಯಾಗುತ್ತದೆ. ತೂತು ತಳದ ಹಳೆಯ ಜೀಪಿನೊಳಗೆ ನೀರು ನುಗ್ಗಿ ಕಾಲು ಒದ್ದೆಯಾಗುತ್ತದೆ, ಆದರೆ ಜೀಪು ನೆಲ ಬಿಡುವುದಿಲ್ಲ. ಹಳತಿನ ಕೊರತೆ ಹೀಗೆ ಗುಣವಾಗುವುದು ಅಪರೂಪ. ಹರಿವು ಜೋರಿದ್ದರೆ ತುಸು ಕೆಳಮುಖವಾಗಿ ಓರೆಯಲ್ಲಿ ದಾಟಿದರೆ ನೀರಿಗೆ ಒಡ್ಡುವ ಮೈ ಕಡಿಮೆಯಾಗುತ್ತದೆ.

ನೀರಿಗಿಳಿದ ಮೇಲೆ ನಡಿಗೆಯ ವೇಗದಲ್ಲಿ ನಿಲ್ಲದೆ ಸಾಗಬೇಕು. ಆಗ ಮೂತಿಯ ಎದುರು ಒಂದು ಅಲೆ ಎದ್ದು ಅದರ ಹಿಂದೆ, ಎಂಜಿನ್ನಿನ ಸುತ್ತ, ನೀರಿನ ಮಟ್ಟ ತಗ್ಗುತ್ತದೆ. ಧಾವಿಸಿದರೆ ಅಲೆ ಬಾನೆಟ್ಟಿನ ಮೇಲೇರುತ್ತದೆ, ನಿಂತರೆ ತಗ್ಗು ತುಂಬಿಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್ನಿನ ಕಿಡಿಯ ವೈರುಗಳಿಗೆ ನೀರು ತಾಗಿದರೆ ಅದು ನಿಲ್ಲುತ್ತದೆ. ಕಿಡಿಯೇ ಬೇಡದ ಡೀಸೆಲ್ ಎಂಜಿನ್ನಿಗೆ ಆ ಭಯವಿಲ್ಲ. ಆದರೆ ಗಾಳಿ ಎಳೆಯುವ ಕೊಳವೆಗೆ ನೀರು ಹೊಕ್ಕರೆ ಯಾವ ಎಂಜಿನ್ನೂ ಉಳಿಯದು. ಗಾಳಿಯನ್ನು ಹಿಂಡಬಹುದು, ನೀರನ್ನು ಹಿಂಡಲಾಗದು. ಮೇಲೇರುವ ಪಿಸ್ಟನ್ನಿಗೆ ಅದು ಕಲ್ಲಿನಂತೆ ಅಡ್ಡಬಂದು ಕನೆಕ್ಟಿಂಗ್ ರಾಡು ಬಾಗುತ್ತದೆ.

ಘಟ್ಟದ ಹೊಳೆ ಏರುವುದೂ ಬೇಗ. 1,800 ಮೀಟರ್ ಮೀರಿದ ಕುದುರೆಮುಖ ಸಾಲಿನಿಂದ ಬೆಳ್ತಂಗಡಿಯ ತಗ್ಗಿಗೆ ನೀರು ಇಳಿಯುವ ದೂರ ಚಿಕ್ಕದು, ಇಳಿಜಾರು ಕಡಿದು. ದಿಡುಪೆಯಲ್ಲಿ ಬಿಸಿಲಿದ್ದಾಗಲೇ ಮೇಲೆ ಸುರಿದ ಮಳೆ ಹೊಳೆಯನ್ನು ಉಕ್ಕಿಸಬಹುದು. ತಿಳಿನೀರು ಕದಡಿ ಕೆಂಪಾಗುವುದು, ತರಗೆಲೆ ಕಡ್ಡಿಗಳು ತೇಲಿಬರುವುದು, ಸದ್ದು ದಪ್ಪವಾಗುವುದು ಅದರ ಮುನ್ಸೂಚನೆ. ಆಗ ದಾಟುವ ಮಾತಿಲ್ಲ, ಹೊಳೆಯಿಂದ ಮೇಲಕ್ಕೆ ಹೋಗಿ ಕಾಯಬೇಕು.

ಹೊಳೆಯ ಪಾತ್ರದಲ್ಲೇ ಮೋಜಿಗೆ ಜೀಪು ಓಡಿಸುವುದು ಹೀಗೆ ಅಗತ್ಯಕ್ಕೆ ಹೊಳೆ ದಾಟುವುದಕ್ಕಿಂತ ಬೇರೆಯದೇ ವಿಷಯ. ರಾಷ್ಟ್ರೀಯ ಉದ್ಯಾನದೊಳಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅನುಮತಿಯಿಲ್ಲದೆ ಪ್ರವೇಶವೇ ಇಲ್ಲ. ಹೊರಗೂ ಚಕ್ರಗಳು ಕದಡಿದ ಕೆಸರು ಮೀನಿನ ಮೊಟ್ಟೆಗಳ ಮೇಲೆ ಕೂರುತ್ತದೆ, ಸೋರಿದ ಎಣ್ಣೆ ಕೆಳಗಿನ ಗುಂಡಿಗಳಿಗೆ ಹೋಗುತ್ತದೆ. ಇದೇ ತಾಲ್ಲೂಕಿನ ಶಿಶಿಲದಲ್ಲಿ ಕಪಿಲಾ ಹೊಳೆಯ ಮೀನುಗಳನ್ನು ದೇವರ ಮೀನೆಂದು ಕಾಯುತ್ತ ಬಂದಿದ್ದಾರೆ.

ಇಳಿಯುವಾಗಿನ ಪಾಠ ಚಿಕ್ಕದು, ಮರೆಯುವವರು ಹೆಚ್ಚು. 1,600 ಕಿಲೋದ ಜೀಪು 500 ಮೀಟರ್ ಎತ್ತರ ಇಳಿದಾಗ ಕಳೆದುಕೊಳ್ಳಬೇಕಾದ ಶಕ್ತಿ ಒಂದು ದೊಡ್ಡ ಕೊಡದಷ್ಟು, 23 ಲೀಟರ್ ನೀರನ್ನು ಕುದಿಸಲು ಸಾಕು. ಅಷ್ಟೂ ಶಾಖ ಬ್ರೇಕಿನ ಡ್ರಮ್ಮುಗಳಿಗೆ ಹೋದರೆ ಲೈನರ್ ಕಾದು ಹಿಡಿತ ಬಿಡುತ್ತದೆ. ಚಾರ್ಮಾಡಿ ಘಾಟಿಯ ಹೆದ್ದಾರಿ ತಿರುವುಗಳಲ್ಲಿ ಲಾರಿಗಳ ಹಿಂದೆ ಬರುವ ಸುಟ್ಟವಾಸನೆ ಇದರದ್ದೇ. ಕಲ್ಲುದಾರಿಯಲ್ಲಿ ಇನ್ನೊಂದು ತೊಡಕೂ ಇದೆ: ಬ್ರೇಕಿಗೆ ಬಿಗಿದು ನಿಂತ ಚಕ್ರ ಜಾರುತ್ತದೆ, ಜಾರುವ ಮುಂಚಕ್ರ ಸ್ಟಿಯರಿಂಗಿನ ಮಾತು ಕೇಳುವುದಿಲ್ಲ. ಲೋ ಗೇರಿನ ಒಂದನೆಯದಕ್ಕೆ ಹಾಕಿ ಕ್ಲಚ್ಚಿನಿಂದ ಕಾಲು ತೆಗೆದರೆ ಎಂಜಿನ್ನೇ ಜೀಪನ್ನು ತಡೆದು ಹಿಡಿಯುತ್ತದೆ. ನಾಲ್ಕೂ ಚಕ್ರ ತಿರುಗುತ್ತಲೇ ಇರುತ್ತವೆ, ಆದ್ದರಿಂದ ತಿರುಗಿಸಿದತ್ತ ತಿರುಗುತ್ತವೆ.

ದಾರಿ ಮುಗಿದರೂ ನೀರಿನ ಲೆಕ್ಕ ಮುಗಿಯುವುದಿಲ್ಲ. ಏರು ಹತ್ತಿ ಕಾದ ಹೌಸಿಂಗು ತಣ್ಣನೆಯ ಹೊಳೆಗೆ ಇಳಿದಾಗ ಅದರೊಳಗಿನ ಗಾಳಿ ಕುಗ್ಗಿ, ಸೀಲಿನ ಸಂದುಗಳಿಂದ ನೀರನ್ನು ಒಳಕ್ಕೆ ಹೀರುತ್ತದೆ. ಒದ್ದೆಯಾದ ಬ್ರೇಕುಗಳನ್ನು ಕೆಲವು ಬಾರಿ ಮೆಲ್ಲಗೆ ಒತ್ತಿ ಒಣಗಿಸಿದರೆ ಸಾಕು. ಹೌಸಿಂಗಿನ ನೀರು ಹೊರಗೆ ಕಾಣದು. ಮರುದಿನ ಬೆಳಿಗ್ಗೆ, ನೀರು ಎಣ್ಣೆಯ ಅಡಿಗೆ ಇಳಿದ ಮೇಲೆ, ಕೆಳಗಿನ ಬೋಲ್ಟನ್ನು ಚೂರು ಸಡಿಲಿಸಬೇಕು. ಮೊದಲು ನೀರಿನ ಹನಿ ಬಂದರೆ, ಅಥವಾ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ, ಪೂರ್ತಿ ಬಸಿದು ಹೊಸ ಎಣ್ಣೆ ಹಾಕಿದ ಮೇಲೆಯೇ ಜೀಪು ಮತ್ತೆ ಘಾಟಿ ಹತ್ತಬೇಕು.